ಏಳನೇ ಅಧ್ಯಾಯದ ದಾರ

ಭಾಂಡುಪ್, ಮುಂಬಯಿ
೮ ಜನವರಿ ೧೯೫೬

ಗದುಗಿನ ಚಂದ್ರವ್ವ ತಾಯಿಯವರಿಗೆ ನೀಲಕಂಠಪ್ಪನ ಶರಣು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಮೂವತ್ತು ವರ್ಷದ ಕೆಳಗೆ ನೀವು ಗ್ರಾಂಟ್ ರೋಡಿನ ನಮ್ಮ ರಿಕಾರ್ಡ್ ಕಂಪನಿಗೆ ನಾಟಕದ ಹಾಡು ಕೊಡಲು ಬರುತ್ತಿದ್ದಾಗ, ಗೋಡೆಯ ಆಚೆ ರಿಕಾರ್ಡು ಕೊರೆಯುವ ಸಾಹೇಬನ ಪಕ್ಕದಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದ ತೆಳ್ಳಗಿನ ಮನುಷ್ಯ ನಾನು. ಈಗ ತೆಳ್ಳಗಿಲ್ಲ. ನನ್ನ ಮನೆಯವರು ರಾಚವ್ವ ಮಾತ್ರ ನಿಮಗೆ ನೆನಪಿರಬೇಕು. ಹಾಡುವಾಗ ನಿಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದವಳು ಅವಳೇ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಇರಲಿ, ಹೇಳಬೇಕಾದದ್ದು ಅದಲ್ಲ.

ಹೇಳಬೇಕಾದದ್ದು ಏನೆಂದರೆ ನಾನೊಂದು ಗ್ರಂಥ ಬರೆದಿದ್ದೇನೆ! ಗ್ರಾಮೋಫೋನ್ ರಿಕಾರ್ಡು ಹೇಗೆ ತಯಾರಾಗುತ್ತದೆ ಎಂಬುದರ ಮೇಲೆ, ಸಂಪೂರ್ಣ ಕನ್ನಡದಲ್ಲಿ, ಹನ್ನೊಂದು ಅಧ್ಯಾಯ ಮತ್ತು ಒಂದು ಅನುಬಂಧ. ಧಾರವಾಡದಲ್ಲಿ ಸಿದ್ದರಾಮಪ್ಪ ಎಂಬವರು ಸಣ್ಣದೊಂದು ಮುದ್ರಣಾಲಯ ಇಟ್ಟುಕೊಂಡು ಬರೀ ವಿಷಯ ಗ್ರಂಥಗಳನ್ನೇ ಹಾಕುತ್ತಾರೆ. ಕಥೆ ಕಾದಂಬರಿ ಮುಟ್ಟುವುದಿಲ್ಲ. ಹೋದ ವರ್ಷ ಹಾಕಿದ್ದು ಬಾವಿಯ ಪಂಪಿನ ಮೇಲೆ. ಅವರಿಗೀಗ ಒಂದೇ ಚಿಂತೆ, ನನ್ನ ಗ್ರಂಥವನ್ನು ಯಂತ್ರಶಾಸ್ತ್ರದ ಮಾಲೆಯಲ್ಲಿ ಹಾಕಬೇಕೋ, ಸಂಗೀತದ್ದರಲ್ಲೋ, ಸಮಾಜ ಚರಿತ್ರೆಯಲ್ಲೋ ಎಂದು. ನಾನು ಯಂತ್ರಶಾಸ್ತ್ರ ಎಂದಿದ್ದೇನೆ. ನಾನು ಧಾರವಾಡದ ಕಾಲೇಜಿನಲ್ಲಿ ಇಂಟರ್ ಸಾಯನ್ಸ್ ಓದಿದವನು. ಪಾಸಾಗಲಿಲ್ಲ, ಆದರೆ ಓದಿದೆ.

ಏಳನೇ ಅಧ್ಯಾಯದ ನಕಲು ಇದರ ಜೊತೆ ಇಟ್ಟಿದ್ದೇನೆ, ಏಕೆಂದರೆ ನೀವು ಅದಕ್ಕೆ ಸಾಕ್ಷಿ. ಈಗಿನವರಿಗೆ ಮೈಕು ಗೊತ್ತು. ನಮ್ಮ ಕಾಲದಲ್ಲಿ ಅದೆಲ್ಲಿತ್ತು? ಗೋಡೆಯಲ್ಲಿ ಒಂದು ದೊಡ್ಡ ಹಾರ್ನು, ಅದರ ಬಾಯಿಗೆ ಬಾಯಿ ಕೊಟ್ಟು ಹಾಡಬೇಕು. ಗೋಡೆಯ ಆಚೆ ಬೆಚ್ಚಗಿನ ಮೇಣದ ತಟ್ಟೆಯ ಮೇಲೆ ಸೂಜಿ ಗೆರೆ ಕೊರೆಯುತ್ತದೆ. ಹಾಡುವವರು ಥಟ್ಟನೆ ಮೇಲಿನ ಸ್ವರಕ್ಕೆ ಏರಿದರೆ ಗೆರೆ ಒಡೆದು ತಟ್ಟೆ ಕೆಟ್ಟಿತು. ಆದ್ದರಿಂದ ಏರುವ ಮುಂಚೆ ಹಿಡಿದು ಹಿಂದಕ್ಕೆ ಎಳೆಯಬೇಕು, ಇಳಿಯುವಾಗ ಮುಂದಕ್ಕೆ ದೂಡಬೇಕು. ಗಂಡಸರನ್ನು ನಾನೇ ಎಳೆಯುತ್ತಿದ್ದೆ. ಹೆಂಗಸರನ್ನು ಪರಪುರುಷ ಮುಟ್ಟಬಾರದಲ್ಲ, ಅದಕ್ಕೆ ರಾಚವ್ವನನ್ನು ನಿಲ್ಲಿಸಿದೆ. ಆದರೆ ಅವಳಿಗೆ ಸ್ವರ ಯಾವಾಗ ಏರುತ್ತದೆ ಎಂದು ಹೇಗೆ ತಿಳಿಯಬೇಕು? ಅಲ್ಲಿದೆ ನನ್ನ ಇನ್‌ವೆನ್ಶನ್! ತಾಲೀಮಿನಲ್ಲಿ ಗಡಿಯಾರ ಹಿಡಿದು ಏರುವ ಸೆಕೆಂಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಗೋಡೆಯ ಕೆಳಗಿನ ತೂತಿನಿಂದ ಒಂದು ಗಟ್ಟಿ ದಾರ. ಅದರ ಆ ತುದಿ ರಾಚವ್ವನ ಮಣಿಕಟ್ಟಿಗೆ, ಈ ತುದಿ ನನ್ನ ಬೆರಳಿಗೆ. ಆ ಸೆಕೆಂಡು ಬಂದಾಗ ನಾನು ದಾರ ಎಳೆದರೆ ಅವಳು ನಿಮ್ಮನ್ನು ಎಳೆಯುತ್ತಿದ್ದಳು. ಆರು ವರ್ಷ, ನೂರಾರು ತಟ್ಟೆ!

ನೀವು ಮೊದಲು ಬಂದ ಇಸವಿ, ಹಾಡುವ ಮುಂಚೆ ಏನು ತಿನ್ನುತ್ತಿದ್ದಿರಿ, ಮುಂಬಯಿಯಲ್ಲಿ ಎಲ್ಲಿ ಇಳಿದುಕೊಳ್ಳುತ್ತಿದ್ದಿರಿ, ಇಷ್ಟನ್ನು ದಯವಿಟ್ಟು ಬರೆಯಿರಿ. ಕಡೆಯದು ಸಿದ್ದರಾಮಪ್ಪನವರ ಪ್ರಶ್ನೆ.

ಯುವರ್ಸ್ ಒಬೀಡಿಯಂಟ್ಲಿ,
ನೀಲಕಂಠಪ್ಪ

ಗದಗ
೨ ಫೆಬ್ರುವರಿ ೧೯೫೬

ನೀಲಕಂಠಪ್ಪ ಅಣ್ಣಾರಿಗೆ ಚಂದ್ರವ್ವ ಮಾಡೂ ಶರಣು.

ನನಗ ಬರಿಯೂ ಭಾಷಾ ಬ್ಯಾರೆ ಇಲ್ಲರಿ. ನಾಟಕದ ಮಾತು ಬಾಯಿಪಾಠ ಮಾಡಲಿಕ್ಕೆ ಕಲ್ತ ಅಕ್ಷರ. ಮಾತಾಡಿಧಂಗ ಬರೀತೀನಿ, ಸಂಭಾಳಿಸ್ಕೋರಿ.

ರಾಚಕ್ಕ ಹೋದದ್ದು ನನಗ ಗೊತ್ತಿರಲಿಲ್ಲ. ಆ ಒಂದ ಸಾಲು ನಾಲ್ಕ ಸಲ ಓದಿದೆ.

ಮೊದಲ ಬಂದದ್ದು ಇಪ್ಪತ್ತೆರಡರಾಗ. ಹಾಡೂಕಿಂತ ಮುಂಚೆ ಕಲ್ಲಸಕ್ರಿ, ಕರಿಮೆಣಸು, ಮತ್ತೇನೂ ಇಲ್ಲ. ಇಳಕೊಳ್ಳಾಕ ನಾಟಕದ ಹೆಣ್ಮಕ್ಕಳಿಗೆ ಲಾಡ್ಜಿನವರು ಖೋಲಿ ಕೊಡತಿದ್ದಿಲ್ಲ. ತಬಲಾದ ದೂಜ “ಈಕಿ ನನ್ನ ತಂಗಿ” ಅಂತ ಸುಳ್ಳು ಹೇಳಿ ಕೊಡಸತಿದ್ದ. ಅಂವ ಮಂಗಳೂರ ಕ್ರಿಸ್ತಾನ, ನಾನು ಹಣಿತುಂಬ ಇಭತ್ತಿ. ಲಾಡ್ಜಿನವ ಒಮ್ಮೆ ಅವನ ಮಾರಿ, ಒಮ್ಮೆ ನನ್ನ ಮಾರಿ ನೋಡತಿದ್ದ.

ನಿಮ್ಮ ಏಳನೇ ಅಧ್ಯಾಯ ಓದಿದೆ. ಭಾಳ ನಗು ಬಂತು. ದಾರದ ಸಂಗತಿ ಹಂಗ ಇರಲಿ ಬಿಡ್ರಿ.

ಚಂದ್ರವ್ವ

ಭಾಂಡುಪ್
೭ ಫೆಬ್ರುವರಿ ೧೯೫೬

ಚಂದ್ರವ್ವ ತಾಯಿಯವರೇ,

ನಿಮ್ಮ ಪತ್ರ ಓದಿ ನಾನು ಚಾಳಿನ ಗ್ಯಾಲರಿಯಲ್ಲಿ ನಿಂತು ಒಬ್ಬನೇ ನಕ್ಕೆ! ಪಕ್ಕದ ಖೋಲಿಯ ಅಂಬವ್ವ, “ಯಾಕ್ರೀ ಕಾಕಾ, ಪೆನ್ಶನ್ ಸಿಕ್ತೇನ್ರಿ?” ಎಂದಳು. “ಪೆನ್ಶನ್ ಅಲ್ಲವಾ, ಎವಿಡೆನ್ಸ್ ಸಿಕ್ತು” ಎಂದೆ.

ಮೂವತ್ತು ವರ್ಷದ ಮೇಲೂ ನನ್ನ ದಾರ ನೆನಪಾಗಿ ನಿಮಗೆ ನಗು ಬಂತೆಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ? “ಹಂಗ ಇರಲಿ ಬಿಡ್ರಿ” ಎಂದು ನೀವು ಬರೆದದ್ದನ್ನು ಸಿದ್ದರಾಮಪ್ಪನವರಿಗೂ ತಿಳಿಸಿದ್ದೇನೆ: ಗಾಯಕಿಯವರು ಒಂದಕ್ಷರವನ್ನೂ ಬದಲಿಸಬಾರದೆಂದು ಹೇಳಿದ್ದಾರೆ ಎಂದು. ಅಧ್ಯಾಯಕ್ಕೆ “ದಾರದಿಂದ ಧ್ವನಿ ನಿಯಂತ್ರಣ” ಎಂದು ಹೆಸರಿಟ್ಟಿದ್ದೇನೆ. ಚಿತ್ರ ಬರೆದು ಬ್ಲಾಕು ಮಾಡಿಸಲಿಕ್ಕೆ ಕೊಟ್ಟಾಯಿತು.

ನಾನು ಆಗಲೇ ಇದಕ್ಕೆ ಪೇಟೆಂಟು ಕೇಳಬೇಕೆಂದಿದ್ದೆ. “ಮೋಸ್ಟ್ ಹಂಬ್ಲಿ ಐ ಬೆಗ್ ಟು ಸಬ್ಮಿಟ್” ಎಂದು ಶುರು ಮಾಡಿ, ಮುಂದೆ ವಾಕ್ಯ ಹೇಗೆ ಮುಗಿಸಬೇಕೆಂದು ತಿಳಿಯದೆ ಆ ಕಾಗದ ಹಾಗೇ ಉಳಿಯಿತು. ರಾಚವ್ವ ಬಹಳ ದಿನ ಅದನ್ನು ಒಲೆಯ ಗೂಡಿನಲ್ಲಿ ಇಟ್ಟಿದ್ದಳು. ಯಾಕೋ ಎಸೆಯಲಿಲ್ಲ.

ಈ ಸಲ ಅನುಬಂಧ ಕಳಿಸುತ್ತಿದ್ದೇನೆ: “ಧ್ವನಿಮುದ್ರಣದಲ್ಲಿ ಉಂಟಾಗುವ ದೋಷಗಳು.” ಅದರ ಹದಿನಾಲ್ಕನೇ ದೋಷ ನಿಮ್ಮ ಭೈರವಿಯ ರಿಕಾರ್ಡಿನದು, ತಂಬಿಗೆ ಬಿದ್ದ ಸದ್ದು. ಸರಿಯಾಗಿದೆಯೇ ನೋಡಿರಿ.

ನೀಲಕಂಠಪ್ಪ

ಭಾಂಡುಪ್
೩೦ ಮಾರ್ಚ್ ೧೯೫೬

ತಾಯಿಯವರೇ,

ಏಳು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಆರೋಗ್ಯವಾಗಿದ್ದೀರಷ್ಟೇ? ಅಥವಾ ನಿಮ್ಮ ಹೆಸರನ್ನು ಅಧ್ಯಾಯದಲ್ಲಿ ಹಾಕದೆ “ಒಬ್ಬ ಪ್ರಸಿದ್ಧ ಗಾಯಕಿ” ಎಂದಷ್ಟೇ ಬರೆದದ್ದಕ್ಕೆ ಬೇಸರವೇ? ಹಾಗಿದ್ದರೆ ಈಗಲೇ ಹೆಸರು ಹಾಕಿಸುತ್ತೇನೆ, ದಪ್ಪ ಅಕ್ಷರದಲ್ಲಿ.

ಏಳನೇ ಅಧ್ಯಾಯದ ಪ್ರೂಫು ಬಂತು! ನನ್ನ ದಾರದ ಚಿತ್ರ ಅಚ್ಚಾಗಿ ಬಂದದ್ದನ್ನು ಕೈಯಲ್ಲಿ ಹಿಡಿದು ಲೋಕಲಿನಲ್ಲಿ ಭಾಂಡುಪದಿಂದ ಬೋರಿಬಂದರದವರೆಗೆ ಸುಮ್ಮನೆ ಹೋಗಿ ಬಂದೆ. ಎದುರಿಗೆ ಕೂತವನೊಬ್ಬ ಇದೇನೆಂದು ಕೇಳಿದ. ಘಾಟಕೋಪರಿನಿಂದ ದಾದರದವರೆಗೆ ವಿವರಿಸಿದೆ. ದಾದರದಲ್ಲಿ ಇಳಿದುಬಿಟ್ಟ, ಪಾಪ, ಅವನಿಗೆ ಇಳಿಯುವುದು ಅಲ್ಲೇ ಇತ್ತೋ ಏನೋ.

ಮೇ ಮೊದಲ ವಾರ ಮಷೀನಿಗೆ ಏರಿಸುತ್ತಾರಂತೆ. ಆಮೇಲೆ ಏನನ್ನೂ ತಿದ್ದಲಾಗದು. ಅಷ್ಟರೊಳಗೆ ಒಂದು ಸಾಲು ಬರೆಯಿರಿ.

ನೀಲಕಂಠಪ್ಪ

ಗದಗ
೯ ಎಪ್ರಿಲ್ ೧೯೫೬

ನೀಲಕಂಠಪ್ಪ ಅಣ್ಣಾರ,

ಆರಾಮ ಇದ್ದೀನಿ. ನನ್ನ ಹೆಸರಿಗೆ ಸಿಟ್ಟಿಲ್ಲ. ಬರಿಯೂಣೋ ಬ್ಯಾಡೋ ಅಂತ ಎರಡು ತಿಂಗಳು ಕುಂತಿದ್ದೆ. ರಾಚಕ್ಕಗ ಮಾತು ಕೊಟ್ಟಿದ್ದೆ. ಆದರ ನಿಮ್ಮ ಅನುಬಂಧದಾಗ ಹದಿನಾಲ್ಕನೇದು ಓದಿದ ಮ್ಯಾಲೆ ಆ ಮಾತು ಹಿಡಕೊಂಡು ಕುಂಡ್ರೂದು ಆಗವಲ್ದು. ಏನು ಬರದೀರಿ ನೀವು? “ಸಹಾಯಕಿಯ ಅಜಾಗರೂಕತೆಯಿಂದ ತಂಬಿಗೆ ಉರುಳಿ ಉಂಟಾದ ಶಬ್ದ.” ಅಜಾಗರೂಕತೆ! ರಾಚಕ್ಕಂದು!

ಕೇಳ್ರಿ. ನಿಮ್ಮ ದಾರ ರಾಚಕ್ಕನ ಕೈಗೆ ಇದ್ದದ್ದು ಒಂದ ವಾರ. ಆ ವಾರದಾಗ ನೀವು ಎಳದಾಗೆಲ್ಲಾ ಆಕಿ ನನ್ನ ಎಳದಳು, ತಟ್ಟಿ ಎಲ್ಲಾ ಕೆಟ್ಟವು, ಸಾಹೇಬ ಒದರಿದ್ದು ನನಗ. ನಾ ತಾಲೀಮಿನ್ಯಾಗ ಹಾಡಿಧಂಗ ಮತ್ತ ಹಾಡಾಕಿ ಅಲ್ಲರಿ. ಯಾವಾಕಿ ಹಾಡ್ತಾಳ? ಮನಸಿಗೆ ಬಂದಾಗ ಏರತೀನಿ. ನಿಮ್ಮ ಗಡಿಯಾರ ಏನು ಮಾಡೂದು?

ಎರಡನೇ ವಾರ ರಾಚಕ್ಕ ದಾರ ಬಿಚ್ಚಿ, ನೀರಿನ ತಂಬಿಗಿ ಇಡೂ ಸ್ಟೂಲಿನ ಕಾಲಿಗೆ ಕಟ್ಟಿದಳು. “ಅವರಿಗೂ ಎಳದಂಗಾತು, ನಮಗೂ ಹಾಡಿಧಂಗಾತು” ಅಂದಳು. ನಾವಿಬ್ಬರೂ ಸೆರಗು ಬಾಯಾಗ ತುರಕೊಂಡು ನಕ್ಕಿದ್ದೇ ನಕ್ಕಿದ್ದು. ಯಾರಿಗೂ ಹೇಳಬ್ಯಾಡ ಅಂತ ಕೈ ಮ್ಯಾಲೆ ಕೈ ಹಾಕಿಸಿಕೊಂಡಳು. ನಿಮಗ ಬ್ಯಾಸರ ಆಗಬಾರದಂತ.

ಆಮ್ಯಾಲೆ ಹೆಂಗ ಎಳೀತಿದ್ದಳು ಕೇಳ್ರಿ, ಇದನ್ನ ಗ್ರಂಥದಾಗ ಬರೀರಿ. ಎಡಗೈ ನನ್ನ ಸ್ವಂಟಕ್ಕ, ಬಲಗೈ ಅಂಗೈ ಪೂರ್ತಿ ಬಿಚ್ಚಿ ಎರಡೂ ಹೆಗಲೆಲಬಿನ ನಡುವ. ಸ್ವರ ಏರೂಕಿಂತ ಮುಂಚೆ ಉಸರು ತುಂಬಿ ಬೆನ್ನು ಉಬ್ಬತೈತಿ. ನನಗ ಗೊತ್ತಾಗೂಕಿಂತ ಮೊದಲ ಆಕಿ ಅಂಗೈಗೆ ಗೊತ್ತಾಗತಿತ್ತು. ನಾ ಏರಬೇಕಂತ ಅನ್ನೂದ್ರಾಗ ಹಿಂದ ಇರತಿದ್ದೆ. ಅಂಥಾ ಕೈ ನಾ ಮತ್ತ ಕಾಣಲಿಲ್ಲ.

ತಂಬಿಗಿ ಬೀಳಿಸಿದ್ದು ಆಕಿ ಅಲ್ಲ. ನಿಮ್ಮ ದಾರ. ನೀವು ಜೋರಲೆ ಜಗ್ಗಿದಿರಿ, ಸ್ಟೂಲು ಮಗಚಿತು, ಠಣ್ ಅಂತು. ನೀವು ಒಳಗ ಬರೂದ್ರಾಗ ಆಕಿ ದಾರ ಬಿಚ್ಚಿ ಕೈಗೆ ಸುತ್ತಿಕೊಂಡಿದ್ದಳು. ಎಲ್ಲಾರ ಮುಂದ ಆಕಿಗೆ ಬೈದಿರಿ. ಆಕಿ ತಲಿ ತಗ್ಗಿಸಿ “ಸೆರಗು ತಾಗಿತ್ರಿ” ಅಂದಳು.

ಆ ಸಾಲು ತಗೀರಿ.

ಚಂದ್ರವ್ವ

ಭಾಂಡುಪ್
೧೨ ಎಪ್ರಿಲ್ ೧೯೫೬

ಚಂದ್ರವ್ವನವರಿಗೆ,

ವಿದ್ ಡ್ಯೂ ರೆಸ್ಪೆಕ್ಟ್, ಇದು ಸಾಧ್ಯವಿಲ್ಲ. ಆರು ವರ್ಷ ನಾನು ಸ್ಟೂಲಿನ ಕಾಲು ಎಳೆದೆನೇ? ದಾರದ ಆ ತುದಿಯಲ್ಲಿ ಪ್ರತಿ ಸಲ ಒಂದು ಜಗ್ಗು ನನ್ನ ಬೆರಳಿಗೆ ತಿಳಿಯುತ್ತಿತ್ತು. ಅದು ಅವಳ ಕೈ ಎಂದೇ ನಾನು ತಿಳಿದಿದ್ದೆ.

ವಯಸ್ಸಾದ ಮೇಲೆ ನೆನಪು ಹಿಂದುಮುಂದಾಗುತ್ತದೆ, ನಿಮ್ಮದಾಗಿರಬಹುದು. ನನ್ನ ನೋಟ್‌ಬುಕ್ಕು ಟ್ರಂಕಿನಲ್ಲಿದೆ. ರಿಕಾರ್ಡು ಎಲ್ಲಾದರೂ ಸಿಕ್ಕೀತು. ವಿಜ್ಞಾನದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಪರೀಕ್ಷೆ ಮಾಡಿ ತೋರಿಸುತ್ತೇನೆ.

ನೀಲಕಂಠಪ್ಪ

ಭಾಂಡುಪ್
೨೯ ಎಪ್ರಿಲ್ ೧೯೫೬

ಚಂದ್ರವ್ವ ತಾಯೀ,

ನೀವು ಗೆದ್ದಿರಿ! ಎಂಥ ದಿನ ನಿನ್ನೆ!

ಗ್ರಾಂಟ್ ರೋಡಿನಲ್ಲಿ ಚೆನ್ನಯ ಎಂಬ ಉಡುಪಿ ಕಡೆಯವರ ಹೋಟೆಲಿದೆ. ಗಲ್ಲಾಪೆಟ್ಟಿಗೆಯ ಪಕ್ಕ ಹಳೆಯ ಕೀಲಿ ಕೊಡುವ ಗ್ರಾಮೋಫೋನು, ಕೆಳಗೆ ಕಪಾಟಿನ ತುಂಬ ರಿಕಾರ್ಡು. ಎರಡು ವಾರ ಚೋರ್ ಬಜಾರೆಲ್ಲ ಹುಡುಕಿ ಕಾಲು ನೋಯಿಸಿಕೊಂಡ ಮೇಲೆ, ನಿಮ್ಮ ಭೈರವಿ ಸಿಕ್ಕಿದ್ದು ಇಡ್ಲಿಯ ಪಕ್ಕದಲ್ಲಿ! ಮೊದಲು ರಿಕಾರ್ಡಿನ ಅಂಚಿಗೆ ಕಾಗದದ ಚೂರು ಅಂಟಿಸಿ, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಸರಿಯಾಗಿ ಬರುವಂತೆ ಯಂತ್ರ ಹೊಂದಿಸಿದೆ. ಆಮೇಲೆ ಒಂದು ಕೈಯಲ್ಲಿ ಸ್ಟಾಪ್ ವಾಚು, ಮುಂದೆ ನೋಟ್‌ಬುಕ್ಕು.

ಚೆನ್ನಯನವರು ನೋಡಿದರು, ನೋಡಿದರು. “ಎಂತ ಸ್ವಾಮೀ, ಪದ್ಯ ಕೇಳುವುದಾ, ಕುದುರೆ ರೇಸು ನೋಡುವುದಾ ನೀವು? ಇಡ್ಲಿ ತಣ್ಣಗಾಯ್ತು ಮಾರಾಯ್ರೆ!” ಎಂದರು.

“ಸೈಲೆನ್ಸ್!” ಎಂದೆ. ಹೋಟೆಲಿಗೆ ಹೋಟೆಲೇ ಸುಮ್ಮನಾಯಿತು. ಮಾಣಿಗಳೂ ನಿಂತರು.

ನನ್ನ ನೋಟ್‌ಬುಕ್ಕಿನಲ್ಲಿ ದಾರ ಎಳೆದ ಸೆಕೆಂಡು ಮೂರು: ಐವತ್ತೆರಡು, ನೂರು, ಕಡೆಯದು ನೂರ ಅರವತ್ತೊಂದು. ಐವತ್ತೆರಡಕ್ಕೆ ನೀವು ಏರಿದಿರಿ, ಸರಿ. ಆದರೆ ಎಪ್ಪತ್ತೆಂಟನೇ ಸೆಕೆಂಡಿಗೆ ಇನ್ನೊಮ್ಮೆ ಏರಿದಿರಿ! ಅದು ನನ್ನ ಪುಸ್ತಕದಲ್ಲೇ ಇಲ್ಲ. ನಾನು ದಾರ ಮುಟ್ಟಿಲ್ಲ. ಆದರೂ ಗೆರೆ ಒಡೆದಿಲ್ಲ, ಸ್ವರ ದುಂಡಗೆ, ಬೆಣ್ಣೆಯ ಹಾಗೆ. ಅಂದರೆ ಯಾರೋ ಎಳೆದಿದ್ದಾರೆ! ನೂರಕ್ಕೆ ನಾನು ಎಳೆದಿದ್ದೇನೆ, ಆದರೆ ನೀವು ಆಗ ಕೆಳಗಿನ ಸ್ವರದಲ್ಲಿ ಪಿಸುಗುಟ್ಟುತ್ತಿದ್ದೀರಿ. ಆಗ ನಿಮ್ಮನ್ನು ಹಿಂದಕ್ಕೆ ಎಳೆದಿದ್ದರೆ ಮಾತೇ ಕೇಳಿಸಬಾರದು. ಪ್ರತಿ ಅಕ್ಷರ ಕೇಳಿಸುತ್ತದೆ!

ಇನ್ನು ನೂರ ಅರವತ್ತೊಂದು. ವಾಚಿನ ಮುಳ್ಳು ಅಲ್ಲಿಗೆ ಬರುತ್ತಿದ್ದಂತೆ ತುಟಿಯಲ್ಲೇ ಎಣಿಸತೊಡಗಿದೆ. ನೂರ ಅರವತ್ತು. ನೂರ ಅರವತ್ತೊಂದು.

ಠಣ್!

ಹೆನ್ಸ್ ಪ್ರೂವ್ಡ್! ಕಾಲೇಜಿನಲ್ಲಿ ಪ್ರಮೇಯದ ಕಡೆಗೆ ಬರೆಯುತ್ತಿದ್ದ ಕ್ವಾಡ್ ಎರಾಟ್, ಮುಂದಿನದು ಮರೆತುಹೋಗಿದೆ. ನಾನು ಕುರ್ಚಿಯಿಂದ ಎದ್ದು “ಅದು ನಾನು! ಅದು ನಾನು!” ಎಂದು ಕೂಗಿದೆನಂತೆ. ಚೆನ್ನಯನವರು ನನ್ನ ಹೆಗಲು ಹಿಡಿದು ಕೂರಿಸಿ, “ನೀವೇ, ನೀವೇ, ಯಾರು ಇಲ್ಲ ಹೇಳಿದ್ದು? ಮೊದಲು ನೀರು ಕುಡೀರಿ” ಎಂದರು. ಆಮೇಲೆ ಅದೇ ರಿಕಾರ್ಡನ್ನು ಇನ್ನೂ ಐದು ಸಲ ಹಾಕಿಸಿದೆ.

ತಾಯಿ, ಆ ದಿನ ಅವಳಿಗೆ ಬೈದದ್ದು ಮಾತ್ರ ನನಗೆ ನೆನಪಿತ್ತು. ಯಾವ ಮಾತು ಆಡಿದೆನೆಂದು ಇಲ್ಲಿ ಬರೆಯಲಾರೆ. ತಂಬಿಗೆ ನಮ್ಮ ಮನೆಯದೇ, ಈಗಲೂ ಅದರಲ್ಲೇ ನೀರು ಕುಡಿಯುತ್ತೇನೆ. ಅಂಚಿನಲ್ಲಿ ಒಂದು ತಗ್ಗಿದೆ. ಇಷ್ಟು ವರ್ಷ ಆ ತಗ್ಗನ್ನು ನೋಡಿದಾಗಲೆಲ್ಲ ನನಗೆ ಅವಳ ತಪ್ಪೇ ಕಾಣುತ್ತಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗ್ರಂಥದಲ್ಲಿ ಅವಳ ಹೆಸರು ಹಾಕದೆ “ಸಹಾಯಕಿ” ಎಂದದ್ದು ಶಾಸ್ತ್ರಕ್ಕಾಗಿ ಅಲ್ಲ. ಬೈಲಹೊಂಗಲದ ನಮ್ಮ ಅಣ್ಣನವರಿಗೆ ಹೆದರಿ. ನಾಟಕದವರ ಜೊತೆ ಮನೆಯ ಸೊಸೆ ನಿಲ್ಲುತ್ತಾಳೆಂದು ಗೊತ್ತಾದರೆ ಮನೆಗೆ ಸೇರಿಸುತ್ತಿರಲಿಲ್ಲ. ಮುಂಬಯಿಯಲ್ಲಿ ಅವಳು ಹೊಸಲು ದಾಟುವುದಿಲ್ಲ ಎಂದು ಆರು ವರ್ಷ ಕಾಗದ ಬರೆದೆ. ಅವಳು ಪಕ್ಕದಲ್ಲಿ ಕೂತು ಲಕೋಟೆಗೆ ಅಂಟು ಹಚ್ಚುತ್ತಿದ್ದಳು.

ಇಂದು ಬೆಳಿಗ್ಗೆ ತಾರ್ ಆಫೀಸಿಗೆ ಓಡಿ ಸಿದ್ದರಾಮಪ್ಪನವರಿಗೆ ತಂತಿ ಕೊಟ್ಟೆ: “ಸ್ಟಾಪ್ ಸೆವೆನ್. ಅಪೆಂಡಿಕ್ಸ್ ಆಲ್ಸೊ. ಥ್ರೆಡ್ ಫಾಲ್ಸ್.” ಅವರಿಗೆ ಏನು ಅರ್ಥವಾಗುತ್ತದೋ ಗೊತ್ತಿಲ್ಲ.

ನೀಲಕಂಠಪ್ಪ

ಗದಗ
೮ ಮೇ ೧೯೫೬

ಅಣ್ಣಾರ,

ಮೊದಲ ಒಂದು ಹೇಳತೀನಿ, ನಿಮಗ ಗೊತ್ತಿಲ್ಲ. ಆ ಠಣ್ ಭಾಳ ಹೆಸರಾತು. ಜನ ಅದು ಹಾಡಿಂದ ತಾಳನ ಅಂತ ತಿಳಕೊಂಡರು. ಹೋದ ಹೋದ ಊರಾಗ ಭೈರವಿ ಮುಗಿಯೂ ಮುಂದ “ಎಲ್ಲೈತವಾ ಠಣ್?” ಅಂತ ಒದರತಿದ್ದರು. ಕಡೀಕ ದೂಜ ಮಗ್ಗಲದಾಗ ಒಂದು ತಂಬಿಗಿ ಇಟ್ಟಕೊಂಡು ಬಾರಿಸಾಕ ಹತ್ತಿದ. ಹತ್ತು ವರ್ಷ ಬಾರಿಸಿದ. ನಿಮ್ಮ ಹದಿನಾಲ್ಕನೇ ದೋಷ ನಮಗ ಚಪ್ಪಾಳಿ ತಂದುಕೊಟ್ಟೈತಿ.

ನಿಮ್ಮ ಬೆರಳಿಗೆ ಜಗ್ಗು ತಿಳೀತಿತ್ತು ಅಂತ ಬರದಿದ್ದಿರಿ. ಸುಳ್ಳಲ್ಲ ಅದು. ನೀವು ಎಳದಾಗೊಮ್ಮೆ ರಾಚಕ್ಕ ಕಾಲ ಹೆಬ್ಬೆರಳಲೆ ದಾರ ಒಂದೀಟು ಒತ್ತತಿದ್ದಳು. “ಇಲ್ಲಾಂದ್ರ ಅವರಿಗೆ ತಾವು ಒಬ್ಬರ ಇದ್ದಂಗ ಅನ್ನಸ್ತದ” ಅಂತಿದ್ದಳು. ಕೈ ನನ್ನ ಬೆನ್ನಮ್ಯಾಲೆ, ಕಾಲ ನಿಮ್ಮ ದಾರದ ಮ್ಯಾಲೆ.

ರಾಚಕ್ಕನ ಹೆಸರು ಹಾಕತೀರೋ ಇಲ್ಲೋ ಅದನ್ನ ಹೇಳ್ರಿ.

ಚಂದ್ರವ್ವ

ಭಾಂಡುಪ್
೧೮ ನವೆಂಬರ್ ೧೯೫೬

ಚಂದ್ರವ್ವ ತಾಯಿಯವರಿಗೆ ಶರಣು.

ಆರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ನಿಮ್ಮ ಪತ್ರದ ಆ ಹೆಬ್ಬೆರಳಿನ ಸಾಲಿಗೆ ಬಂದು ನಿಲ್ಲುತ್ತಿದ್ದೆ. ಉತ್ತರವಾಗಿ ಗ್ರಂಥವನ್ನೇ ಕಳಿಸುತ್ತಿದ್ದೇನೆ. ಅಂಟು ಇನ್ನೂ ಹಸಿಯಾಗಿದೆ, ಮೆಲ್ಲಗೆ ತೆರೆಯಿರಿ.

ಏಳನೇ ಅಧ್ಯಾಯ ಪೂರ್ತಿ ಹೊಸದು. ಹೆಸರು “ರಾಚವ್ವನ ಅಂಗೈ.” ಸಿದ್ದರಾಮಪ್ಪನವರು ಮೊದಲು ಒಪ್ಪಲೇ ಇಲ್ಲ: “ಏನ್ರೀ ನೀಲಕಂಠಪ್ಪ, ಪಂಪಿನ ಪುಸ್ತಕದಾಗ ಯಾರರ ಹೆಂಡ್ತಿ ಹೆಸರು ಹಾಕ್ಯಾರೇನು?” ಎಂದು ಬರೆದರು. ನಾನು ಧಾರವಾಡಕ್ಕೇ ಹೋದೆ. ಅವರನ್ನು ನಿಲ್ಲಿಸಿ, ಬೆನ್ನಿನ ಮೇಲೆ ಅಂಗೈ ಇಟ್ಟು, “ಜೋರಾಗಿ ಕೂಗ್ರಿ” ಎಂದೆ. ಅವರು ಉಸಿರು ತುಂಬಿಕೊಂಡರು. ಅಂಗೈಗೆ ತಿಳಿಯಿತು! ಕೂಗುವ ಮುಂಚೆ ಎಳೆದುಬಿಟ್ಟೆ. ಅಚ್ಚಿನ ಮೊಳೆಗಳ ಪೆಟ್ಟಿಗೆಯ ಮೇಲೆ ಹೋಗಿ ಕೂತರು. ಕೂತಲ್ಲೇ ಒಪ್ಪಿದರು. ಈಗ ಮುಖಪುಟ ನೋಡಿರಿ: ಯಂತ್ರಶಾಸ್ತ್ರ, ಸಂಗೀತ, ಸಮಾಜ ಚರಿತ್ರೆ, ಮೂರು ಮಾಲೆಯ ಹೆಸರನ್ನೂ ಹಾಕಿದ್ದಾರೆ.

ದಾರದ ಚಿತ್ರ ತೆಗೆಸಲಿಲ್ಲ. ಅದರ ಕೆಳಗೆ “ಉಪಯೋಗಕ್ಕೆ ಬಾರದ ವಿಧಾನ” ಎಂದು ಹಾಕಿಸಿದೆ. ಅನುಬಂಧದ ಹದಿನಾಲ್ಕನೇ ದೋಷ ಈಗ ಹೀಗಿದೆ: “ಲೇಖಕನು ದಾರ ಎಳೆದುದರಿಂದ ತಂಬಿಗೆ ಉರುಳಿ ಉಂಟಾದ ಶಬ್ದ. ಸಹಾಯಕಿ ರಾಚವ್ವ ನಿರ್ದೋಷಿ.” ಕಡೆಯ ಎರಡು ಶಬ್ದ ಗ್ರಂಥಕ್ಕೆ ಬೇಕಿಲ್ಲ ಎಂದರು. ನನಗೆ ಬೇಕು ಎಂದೆ.

ಅಣ್ಣನವರಿಗೂ ಒಂದು ಪ್ರತಿ ಕಳಿಸಿದ್ದೇನೆ, ಏಳನೇ ಅಧ್ಯಾಯದಲ್ಲಿ ಕಾಗದದ ಗುರುತಿಟ್ಟು. ಉತ್ತರ ಬಂದಿಲ್ಲ. ಬರದಿದ್ದರೂ ಸರಿ.

ಈಗ ಚೆನ್ನಯನವರ ಹೋಟೆಲಿಗೆ ದಿನಾ ಹೋಗುತ್ತೇನೆ. ನಮ್ಮ ಕಾಲದ ಯಾವ ಹೆಣ್ಣುಮಗಳ ರಿಕಾರ್ಡು ಹಾಕಿದರೂ, ಸ್ವರ ಏರುವಾಗ ಗೆರೆ ಒಡೆಯುತ್ತದೇನೋ ಎಂದು ಕಿವಿಗೊಟ್ಟು ಕೂರುತ್ತೇನೆ. ಒಡೆಯುವುದಿಲ್ಲ. “ಏನು ಕೇಳ್ತಾ ಉಂಟು ನಿಮಗೆ?” ಎಂದು ಚೆನ್ನಯನವರು ಕೇಳಿದರೆ, “ನಮ್ಮ ಮನೆಯವರು” ಎನ್ನುತ್ತೇನೆ. ಅಷ್ಟೂ ರಿಕಾರ್ಡುಗಳಲ್ಲಿ ನನ್ನದು ಒಂದೇ ಒಂದು ಠಣ್.

ಸಿದ್ದರಾಮಪ್ಪನವರು ಡಿಸೆಂಬರ್ ಒಂಬತ್ತರ ಭಾನುವಾರ ನಿಮ್ಮ ಗದುಗಿನಲ್ಲೇ ಗ್ರಂಥ ಬಿಡುಗಡೆ ಇಟ್ಟಿದ್ದಾರೆ. ನೀವು ಭೈರವಿ ಹಾಡಲು ಒಪ್ಪಿದ್ದೀರಂತೆ! ಈ ತಿಂಗಳು ಒಂದಾದ ಹೊಸ ಕನ್ನಡ ರಾಜ್ಯಕ್ಕೆ ನನ್ನ ಮೊದಲ ಪ್ರಯಾಣ. ಟಿಕೇಟು ತೆಗೆದಾಯಿತು. ಮೈಕು ಇದ್ದರೂ ನೀವು ಮನಸ್ಸಿಗೆ ಬಂದಾಗ ಏರಿರಿ, ನಾನು ಗಡಿಯಾರ ನೋಡುವುದಿಲ್ಲ.

ತಂಬಿಗೆ ತರುತ್ತೇನೆ. ದಾರ ತರುವುದಿಲ್ಲ.

ನೀಲಕಂಠಪ್ಪ